ನಲವತ್ತೊಂದನೇ ವ್ಯಾಗನ್ನಿನ ಸ್ಲೇಟು

ಅಲ್ಲಿ ಬೇಡ, ಅಲ್ಲಿ ಬೇಡ... ಆ ಹಲಗೆ ಬಣ್ಣ ಇನ್ನೂ ಒಣಗಿಲ್ಲ. ಈ ಪೆಟ್ಟಿಗೆ ಮೇಲೆ ಕೂತ್ಕೋ, ಎಲಿನೆಡ್. ಕೋಟು ಹಾಳಾದೀತು. ಹಾಂ. ಅಲ್ಲಿ.

ಯಾಕೆ ನಗ್ತೀಯಾ? ಓ... ನನ್ನ ಕಾಲು ನೋಡಿಯಾ? ಹೌದು ಮಾರಾಯ್ತಿ, ಬೂಟು ಹೊರಗೆ ಬಿಟ್ಟೆ. ಬರೀ ಕಾಲುಚೀಲ. ಈ ಶೆಡ್ಡಿನವರೂ ನಗ್ತಾರೆ. 'ಹವೆಲ್, ಇದರಲ್ಲಿ ಈಗ ಮದ್ದೂ ಇಲ್ಲ ಗುಂಡೂ ಇಲ್ಲ, ಇದ್ದದ್ದು ಕೋಳಿ ಹಿಕ್ಕೆ, ಯಾರಿಗೆ ಹೆದರಿ ಬೂಟು ಬಿಚ್ತೀಯಪ್ಪ?' ಅಂತ. ಏನು ಹೇಳ್ಲಿ? ಇಪ್ಪತ್ತೆಂಟು ವರ್ಷ ಮೊಳೆ ಹೊಡೆದ ಬೂಟಲ್ಲಿ ಮದ್ದುಗುಂಡಿನ ಡಿಪೋದ ಕೆಂಪು ಗೆರೆ ದಾಟಲಿಲ್ಲ. ಈಗ ದಾಟು ಅಂದ್ರೆ ಕಾಲು ಏಳಲ್ಲ.

ನೀನೂ ಬಿಚ್ಚೇ ಬಂದೆಯಲ್ಲ. ನೋಡಿದೆ. ಯಾರೂ ಹೇಳಲಿಲ್ಲ, ಬಾಗಿಲ ಹತ್ರ ಬಗ್ಗಿ ಲೇಸು ಬಿಚ್ಚಿದೆ... ಐವತ್ತೆರಡು ವರ್ಷ! ನಿನ್ನ ಕಾಲೂ ಮರೆತಿಲ್ಲ.

ಚಹಾ ಕುಡಿ. ಆರತ್ತೆ. ಎರಡು ಗಂಟೆಗೆ ಕಾರ್ಯಕ್ರಮ. ಅಲ್ಲೀತನಕ ಯಾರೂ ಬರಲ್ಲ, ಎಲ್ಲ ಡೇರೆಯಲ್ಲಿ ಕೇಕು ತಿಂತಾ ಇದ್ದಾರೆ. ನಾನೇ ಮಿಸೆಸ್ ಪ್ರಾಸರ್‌ಗೆ ಹೇಳಿದೆ, ಸ್ವಲ್ಪ ಹೊತ್ತು ನಮ್ಮನ್ನ ಬಿಡಿ, ಹಳೇ ಕೆಲಸದೋರು, ಮಾತಾಡೋದಿದೆ ಅಂತ. ಅವಳು ಈ ಹಳೇ ವ್ಯಾಗನ್ ಉಳಿಸೋ ಸಂಘದ ಕಾರ್ಯದರ್ಶಿ. ಒಳ್ಳೆಯವಳು. ಬಾಯಿ ಸ್ವಲ್ಪ ಜಾಸ್ತಿ.

ಇದು ನಲವತ್ತೊಂದೇ. ಹೌದು. ನಮ್ಮ ನಲವತ್ತೊಂದನೇ ವ್ಯಾಗನ್ನು. ಡಿಪೋ ಮುಚ್ಚಿದಾಗ ಹರಾಜು ಹಾಕಿದ್ರು. ಯಾವನೋ ರೈತ ತಗೊಂಡು ಹೋಗಿ ಗದ್ದೆ ಮೂಲೆಯಲ್ಲಿಟ್ಟು ಕೋಳಿ ಸಾಕಿದ. ಹೋಗಿ ತಂದಾಗ ಚಾವಣಿ ಇರಲಿಲ್ಲ, ಒಂದು ಕಡೆ ಗೋಡೆ ಪೂರ್ತಿ ಕೊಳೆತಿತ್ತು. ಚಕ್ರ ಮಾತ್ರ ಗಟ್ಟಿ. ಎರಡೂವರೆ ಅಡಿ ಹಳಿಯ ಚಕ್ರ ಈಗ ಎಲ್ಲಿ ಸಿಗತ್ತೆ? ಎರಡು ಚಳಿಗಾಲ ಕೆಲಸ ಮಾಡಿದ್ವಿ. ಎಲ್ಲ ಓಕ್. ಮರದ ಗೂಟ, ತಾಮ್ರದ ಮೊಳೆ, ಹಿತ್ತಾಳೆ ಚಿಲಕ. ಕಬ್ಬಿಣ ಅಂತ ಒಳಗೆ ಒಂದು ಚೂರು ಇಲ್ಲ. ಈಗ ಕಿಡಿ ಹಾರಿದರೆ ಏನಾಗತ್ತೆ? ಏನೂ ಆಗಲ್ಲ. ಆದರೂ ನಾನೇ ಹಟ ಹಿಡಿದೆ. ಇದ್ದ ಹಾಗೇ ಇರಬೇಕು ಅಂತ.

ಇದ್ದ ಹಾಗೇ... ಹ್ಞೂಂ.

ಫೆಬ್ರವರಿಯಲ್ಲಿ ನೆಸ್ಟಾ ತೀರಿಹೋದ ಮೇಲೆ ಈ ಶೆಡ್ಡೇ ನನ್ನ ಮನೆ. ಅಡುಗೆಮನೇಲಿ ನಿಂತರೆ ಕೈ ತಾನಾಗಿ ಎರಡು ಬಟ್ಟಲು ತೆಗೆಯತ್ತೆ. ಇಲ್ಲಿ ಒಂದೇ ಬಟ್ಟಲು. ಅದಕ್ಕೇ ಇಲ್ಲಿರ್ತೀನಿ.

ಅದಾ? ಬಟ್ಟೆ ಮುಚ್ಚಿರೋದು ಹಿತ್ತಾಳೆ ಫಲಕ. ಎರಡು ಗಂಟೆಗೆ ತೆಗೀತಾರೆ. 'ಈ ಡಿಪೋದಲ್ಲಿ ದುಡಿದ ನೆಸ್ಟಾಳ ನೆನಪಿಗೆ.' ಅಷ್ಟೇ. ನಾನೇ ಕೇಳ್ಕೊಂಡೆ. ಬೇರೇನೂ ಕೇಳಲಿಲ್ಲ ಅವರನ್ನ, ಅದೊಂದೇ.

ಹೊರಗಿನ ದೊಡ್ಡ ಬೋರ್ಡು... ಓದಿದೆಯಾ?

ಓದಿದೆ ಅನ್ನು.

ಹ್ಞೂಂ. ಓದೇ ಇರ್ತೀಯಾ.

ಅದು... ಮಿಸೆಸ್ ಪ್ರಾಸರ್ ಕೆಲಸ. ಹಳಬರನ್ನೆಲ್ಲ ಕೂರಿಸಿ ಕೇಳಿದಳು, ನೋಡೋಕೆ ಬರೋ ಜನಕ್ಕೆ ಒಂದು ಕಥೆ ಬೇಕು, ಬರೀ ಅಳತೆ ತೂಕ ಹಾಕಿದರೆ ಯಾರು ಓದ್ತಾರೆ ಅಂತ. ಒಬ್ಬ ನಾಯಿ ಕಥೆ ಹೇಳಿದ. ಒಬ್ಬ ಹಿಮದ ಕಥೆ ಹೇಳಿದ. ನನ್ನ ಸರದಿ ಬಂತು. ನಲವತ್ತೊಂದರ ಕಥೆ ಹೇಳಿ ಹವೆಲ್ ಅಂದ್ಲು. ಎಲ್ಲರಿಗೂ ಗೊತ್ತಿರೋದನ್ನೇ ಹೇಳಿದೆ. 'ಅರವತ್ತೇಳರ ಅಕ್ಟೋಬರ್. ಸಂಜೆ ನಾಲ್ಕಕ್ಕೆ ಗುಡಿಸೋಕೆ ಬಂದ ಒಬ್ಬ ಅಜಾಗರೂಕ ಹುಡುಗಿಯ ತಲೆಪಿನ್ನು ಈ ವ್ಯಾಗನ್ನಿನಲ್ಲಿ ಬಿತ್ತು. ಒಂದು ಕಬ್ಬಿಣದ ಪಿನ್ನು ಇಡೀ ಬೆಟ್ಟವನ್ನೇ ಹಾರಿಸಬಹುದಿತ್ತು.' ಬೆಟ್ಟದ ಮಾತು ಅವಳು ಸೇರಿಸಿದ್ದು.

ಅಜಾಗರೂಕ ಅನ್ನೋದೂ ಅವಳೇ...

ಇಲ್ಲ. ಸುಳ್ಳು. ಅದು ನನ್ನದೇ. ನನ್ನ ಬಾಯಿಂದಲೇ ಬಂತು.

ಹಾಗೆ ನೋಡಬೇಡ, ಎಲಿನೆಡ್. ಹೆಸರು ಹಾಕಿಲ್ಲ. ಯಾರಿಗೂ ನಿನ್ನ ಗುರುತು ಹತ್ತಲ್ಲ.

ಹ್ಞಾಂ... ಹತ್ತತ್ತೆ. ನಮ್ಮ ಊರಲ್ಲಿ ಹತ್ತತ್ತೆ. ಸರಿ.

ನಾನೇನು ಮಾಡಲಿ ಹೇಳು! ಎಲ್ಲ ಬೆಡೋ ಮಾಡಿದ್ದು. ಮೇಸ್ತ್ರಿ ಅವನು. ಅವನೇ ಪಿನ್ನು ಹೆಕ್ಕಿದ, ಅವನೇ ತೀರ್ಪು ಕೊಟ್ಟ. ನಾನು ಯಾರು? ವ್ಯಾಗನ್ ತಳ್ಳೋನು. ಇಪ್ಪತ್ತು ವರ್ಷದೋನು. ನನ್ನ ಮಾತು ಯಾರು ಕೇಳ್ತಿದ್ರು?

ಕೇಕು ತಗೋ. ನಾನು ಮಾಡಿದ್ದಲ್ಲ, ಹೆದರಬೇಡ.

...ಒಂದು ತೋರಿಸಬೇಕಿತ್ತು. ಈ ತಂಬಾಕು ಡಬ್ಬಿ. ಮಾರ್ಚಲ್ಲಿ ನೆಲದ ಕೊನೇ ಹಲಗೆ ಎಬ್ಬಿಸಿದೆ. ಒಬ್ಬನೇ ಇದ್ದೆ. ಎರಡು ಹಲಗೆ ಮಧ್ಯದ ಸಂದಿಯಲ್ಲಿ, ಮಣ್ಣು ಪುಕ್ಕದ ಅಡೀಲಿ... ನೋಡು. ಕೈಗೆ ತಗೋ. ತುಕ್ಕು ಅಷ್ಟೇ, ಪುಡಿಯಾಗಲ್ಲ.

ಹೌದು. ಎರಡನೇ ಪಿನ್ನು. ಅವತ್ತು ಬೆಡೋಗೆ ಸಿಕ್ಕಿದ್ದು ಒಂದು. ಬಿದ್ದಿದ್ದು ಎರಡು.

ತುದಿ ನೋಡಿದೆಯಾ? ಸೊಟ್ಟ. ಹಲ್ಲಲ್ಲಿ ಕಚ್ಚಿ ಬಿಡಿಸಿದರೆ ಹಾಗಾಗತ್ತೆ. ಸಾಯೋ ತನಕ ಹಾಗೇ ಮಾಡ್ತಿದ್ದಳು, ಕನ್ನಡಿ ಮುಂದೆ, ಬಾಯಲ್ಲಿ ಪಿನ್ನಿಟ್ಟುಕೊಂಡೇ ನನ್ನ ಬೈತಿದ್ದಳು. ಎಷ್ಟು ಸಲ ಹೇಳಿದೆ, ಹಲ್ಲು ಹೋಗತ್ತೆ ಕಣೇ ಅಂತ...

ನೀನು ಪಿನ್ನು ಹಾಕ್ತಾನೇ ಇರಲಿಲ್ಲ. ಜಡೆ, ಅದಕ್ಕೆ ಹತ್ತಿ ಪಟ್ಟಿ. ನನಗೆ ಗೊತ್ತಿತ್ತು. ಅವತ್ತೂ ಗೊತ್ತಿತ್ತು.

ಹೇಳ್ತೀನಿ. ಹೇಳೋಕೇ ಕರೆಸಿದ್ದು. ತಡಿ... ನನಗೆ ಮಾತು ನಿಧಾನ. ನಿನಗೆ ಗೊತ್ತಲ್ಲ.

ಮಧ್ಯಾಹ್ನ ಊಟದ ಹೊತ್ತು. ಮಳೆ. ನಲವತ್ತೊಂದು ಖಾಲಿ ನಿಂತಿತ್ತು, ಮಾರನೇ ದಿನ ತುಂಬಿಸೋಕೆ. ನೀನು ಬೆಳಿಗ್ಗೆ ಗುಡಿಸಿ ಹೋಗಿದ್ದೆ. ಗುಡಿಸಿದ ವ್ಯಾಗನ್ ಒಳಗೆ ಯಾರೂ ಕಾಲಿಡೋ ಹಾಗಿಲ್ಲ. ಕಾಲಿಟ್ಟೆವು. ನಾನು, ನೆಸ್ಟಾ. ಬಾಗಿಲು ಎಳ್ಕೊಂಡ್ವಿ. ಹದಿನೈದು ನಿಮಿಷ ಇದ್ವೋ ಏನೋ. ಅವಳ ಕೂದಲು ಬಿಚ್ಚಿದ್ದು ನಾನೇ. ಪಿನ್ನಿಟ್ಟುಕೊಂಡು ಗೇಟು ದಾಟಿದ್ದಾಳೆ ಅಂತ ಆಗಲೇ ಗೊತ್ತಾಗಿದ್ದು. ದಟ್ಟ ಕೂದಲು, ತಪಾಸಣೆ ಹೆಂಗಸಿನ ಬೆರಳಿಗೆ ಸಿಕ್ಕಿರಲಿಲ್ಲ. ನಾನು ನಕ್ಕೆ. ನಕ್ಕೆ ನೋಡು! ಕತ್ತಲಲ್ಲಿ ತಡಕಾಡಿ ಎಲ್ಲ ಹೆಕ್ಕಿದ್ವಿ ಅಂದ್ಕೊಂಡ್ವಿ.

ಎಲ್ಲ ಅಲ್ಲ.

ಮಾರನೇ ಬೆಳಿಗ್ಗೆ ಏಳೂವರೆಗೆ ಬೆಡೋ ದೀಪ ಹಿಡಿದು ಒಳಗೆ ಹೋದ. ಹೊರಗೆ ಬಂದ. ಮುಖ ಸುಣ್ಣ. ಅಂಗೈ ಮೇಲೆ ಪಿನ್ನು. 'ಏನೂ ಮುಟ್ಟಬೇಡ, ಇಲ್ಲೇ ನಿಂತಿರು' ಅಂದು ಹೆಂಗಸರನ್ನ ಕರೆಯೋಕೆ ಓಡಿದ. ನಾನು ನಿಂತೆ. ಬಾಗಿಲ ಪಕ್ಕ ಸ್ಲೇಟು.

ಅಗೋ, ಅದೇ ಜಾಗದಲ್ಲೇ ಹಾಕಿದೀನಿ. ಹಳೇದು ಒಡೆದಿತ್ತು, ಇದು ಹೊಸಾದು. ಗುಡಿಸಿದೋಳು ತನ್ನ ಹೆಸರು, ಮನೆತನದ ಹೆಸರು, ಎರಡರ ಮೊದಲ ಇಂಗ್ಲಿಷ್ ಅಕ್ಷರ ಬರೀಬೇಕು, ಗಂಟೆ ಬರೀಬೇಕು. ನೀನು ಬರೆದಿದ್ದೆ. ಇ.ಪಿ., ಹನ್ನೊಂದು. ಹನ್ನೊಂದಕ್ಕೆ ಗುಡಿಸಿದ್ದು ಅಂದ್ರೆ, ಆಮೇಲೆ ಯಾರೋ ಒಳಗೆ ಹೋಗಿದ್ದಾರೆ ಅಂತ ಅರ್ಥ. ಆಮೇಲೆ ಆ ಹಳಿಯಲ್ಲಿ ಇದ್ದೋನು ಯಾರು? ನಾನು. ನನ್ನನ್ನ ಹಿಡಿದರೆ ನೆಸ್ಟಾ ಸಿಗ್ತಾಳೆ. ಅವಳಪ್ಪ ಚಾಪೆಲಿನ ಹಿರಿಯ. ಪಿನ್ನಿಗೆ ಅವಳ ಕೆಲಸ ಹೋಗ್ತಿತ್ತು. ವ್ಯಾಗನ್ನಲ್ಲಿ ನನ್ನ ಜೊತೆ ಇದ್ದದ್ದಕ್ಕೆ ಮಾನ ಹೋಗ್ತಿತ್ತು.

ಹೆಬ್ಬೆರಳಿಗೆ ಎಂಜಲು ಹಚ್ಚಿದೆ.

ಕೇಳಿಸ್ತಾ? ಎಂಜಲು ಹಚ್ಚಿ ಹನ್ನೊಂದನ್ನ ಒರೆಸಿದೆ. ನಾಲ್ಕು ಅಂತ ಬರೆದೆ. ನಾಲ್ಕಾದ ಮೇಲೆ ಬಾಗಿಲಿಗೆ ಮುದ್ರೆ ಬೀಳ್ತಿತ್ತು, ಆಮೇಲೆ ಯಾರೂ ಹೋಗೋ ಹಾಗಿಲ್ಲ. ಕೊನೇ ಕೈ ನಿನ್ನದು ಅಂತ ಆಯ್ತು. ಒಂದು ನಿಮಿಷದ ಕೆಲಸ. ಅಷ್ಟು ಲೆಕ್ಕ ನನ್ನ ತಲೆಗೆ ಅದಕ್ಕೆ ಮುಂಚೆ ಹೊಳೆದದ್ದಿಲ್ಲ, ಆಮೇಲೂ ಹೊಳೆದದ್ದಿಲ್ಲ. ಅವತ್ತು ಹೊಳೀತು.

ಹತ್ತೊಂಬತ್ತು ಹೆಂಗಸರು ಸಾಲಾಗಿ ನಿಂತಿದ್ರಿ. ನೀನು ಕೂಗಿದೆ, ನಾನು ಬರೆದದ್ದು ಹನ್ನೊಂದು, ಹನ್ನೊಂದು ಅಂತ. ಬೆಡೋ ಸ್ಲೇಟು ತೋರಿಸಿದ. ಆಮೇಲೆ ನನ್ನ ಕಡೆ ತಿರುಗಿ ಕೇಳಿದ, ನಾಲ್ಕಕ್ಕೆ ಈ ಹುಡುಗಿ ಬಂದಿದ್ದಳೇನೋ?

ಹೌದು ಅಂತ ತಲೆ ಆಡಿಸಿದೆ.

ಮಾತಾಡಲಿಲ್ಲ... ಬರೀ ತಲೆ. ಎಷ್ಟೋ ವರ್ಷ ಅದನ್ನೇ ಹೇಳ್ಕೊಂಡೆ, ನಾನು ಸುಳ್ಳು ಆಡಲಿಲ್ಲ, ಬಾಯಿ ಬಿಡಲಿಲ್ಲ ಅಂತ. ಥೂ.

ನಿನ್ನ ಕೆಲಸ ಹೋಯ್ತು, ಹೆಸರು ಪತ್ರಿಕೇಲಿ ಬಂತು. ನಿನ್ನಮ್ಮ ಚಾಪೆಲಲ್ಲಿ ಹಿಂದಿನ ಬೆಂಚಿಗೆ ಹೋದಳು, ಸಾಯೋವರೆಗೂ ಮುಂದೆ ಬರಲಿಲ್ಲ. ನೀನು ಸ್ವಾನ್ಸಿ ಪಟ್ಟಣಕ್ಕೆ ಹೋಗಿ ಯಾರ್‍ಯಾರದೋ ಹಾಸಿಗೆ ಬಟ್ಟೆ ಒಗೆದೆ. ನಾನು ಆ ವಸಂತದಲ್ಲಿ ಮದುವೆ ಆದೆ.

ಬೈಬಾರದಾ? ಬೈದುಬಿಡು. ಆ ಬಟ್ಟಲು ಎತ್ತಿ ಎಸಿ. ನಿನಗೆ ಕೈ ಮುಗೀತೀನಿ ಮಾರಾಯ್ತಿ.

ಒಂದೇ ಕೇಳೋದು. ಬೋರ್ಡು ಕಿತ್ತು ಹಾಕ್ತೀನಿ. ನನ್ನ ಬಗ್ಗೆ ಏನು ಬೇಕಾದ್ರೂ ಅಲ್ಲಿ ಬರೀಲಿ. ಆದರೆ ಅವಳ ಹೆಸರಿನ ಫಲಕ ಇರಲಿ. ಅವಳದೇನೂ ತಪ್ಪಿಲ್ಲ. ಪಿನ್ನು ಬಿದ್ದದ್ದು ತಪ್ಪಲ್ಲ, ಯಾರದಾದರೂ ಬೀಳತ್ತೆ. ಸ್ಲೇಟಿನ ವಿಷಯ ಅವಳಿಗೆ ಗೊತ್ತೇ ಇರಲಿಲ್ಲ. ಅವಳಿಗೆ ನಾನು ಹೇಳಿದ್ದು, ನೀನು ಸಂಜೆ ಇನ್ನೊಂದು ಸಲ ಗುಡಿಸೋಕೆ ಬಂದಿದ್ದೆ, ಆ ಪಿನ್ನು ನಿನ್ನದೇ ಇರಬೇಕು, ನಮ್ಮದೆಲ್ಲ ಹೆಕ್ಕಿದ್ದೀವಲ್ಲ ಅಂತ. ನಂಬಿದಳು. ನಂಬಿದ್ದಕ್ಕೇ ಅಲ್ವಾ ಐವತ್ತೊಂದು ವರ್ಷ ನನ್ನ ಜೊತೆ ಇದ್ದಳು?

ಜನವರಿಯಲ್ಲಿ, ಹಾಸಿಗೆ ಹಿಡಿದಿದ್ದಳು. ಬೋರ್ಡಿಗೆ ಬರೆದದ್ದನ್ನ ಓದಿ ಹೇಳಿದೆ. ಖುಷಿಯಾಗತ್ತೆ ಅಂದ್ಕೊಂಡೆ. 'ಅಜಾಗರೂಕ ಅಂತ ಹಾಕಿದೀಯಾ?' ಅಂದ್ಲು. ಹ್ಞೂಂ ಅಂದೆ. ಗೋಡೆ ಕಡೆ ತಿರುಗಿದಳು. ನೋವು ಅಂದ್ಕೊಂಡೆ. ನೀರು ಕೊಟ್ಟೆ. ಕುಡೀಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಂದ್ಲು, 'ಎಲಿನೆಡ್‌ನ ಕರೆಸು. ವ್ಯಾಗನ್ ಆದಾಗ ಅವಳನ್ನ ಕರೆಸು.' ಅಷ್ಟೇ. ಹಳೇ ಗೆಳತಿ, ನೋಡಬೇಕು ಅನಿಸಿರಬೇಕು ಅಂತ...

ಯಾಕೆ ತಲೆ ತಗ್ಗಿಸಿದೆ?

ಎಲಿನೆಡ್...

ತಡಿ. ಪಿನ್ನು ನಿನ್ನ ಕೈಗೆ ಕೊಟ್ಟೆ. ಎರಡು ಅಂದೆ. ಸೊಟ್ಟ ತುದಿ ತೋರಿಸಿದೆ. ಯಾರದು ಅಂತ ನೀನು ಕೇಳಲೇ ಇಲ್ಲವಲ್ಲ. ಯಾರಾದ್ರೂ ಮೊದಲು ಅದನ್ನೇ ಕೇಳ್ತಾರೆ. ಸ್ಲೇಟು ಒರೆಸಿದೆ ಅಂದಾಗಲೂ... ಬೆಚ್ಚಲಿಲ್ಲ ನೀನು. ನಿನ್ನ ಕೈಯಲ್ಲಿ ಚಹಾ ಅಲುಗಲಿಲ್ಲ.

ನಿನಗೆ ಗೊತ್ತಿತ್ತು.

ಯಾರು ಹೇಳಿದ್ರು? ಹೇಳೋಕೆ ಇದ್ದವರಾದರೂ ಯಾರು? ಒಬ್ಬಳೇ...

ಇಲ್ಲ. ಅವಳಿಗೆ ಹೇಗೆ ಗೊತ್ತಾಗತ್ತೆ? ನಾನು ಹೇಳಿಲ್ಲ! ಒಂದು ದಿನವೂ...

ಸ್ಲೇಟು.

ಬಾಗಿಲ ಪಕ್ಕ. ಅವಳ ಕಣ್ಣಿನ ಎತ್ತರಕ್ಕೇ. ಅವತ್ತು ಮಧ್ಯಾಹ್ನ ಅವಳೇ ಮೊದಲು ಹತ್ತಿದಳು. ಹತ್ತೋವಾಗ ಓದಿದ್ದಾಳೆ. ಹನ್ನೊಂದು ಅಂತ ಓದಿದ್ದಾಳೆ. ಮಾರನೇ ದಿನ ಸಾಲಲ್ಲಿ ನಿನ್ನ ಪಕ್ಕದಲ್ಲೇ ನಿಂತು... ನಾಲ್ಕು ಅಂತ ಇದ್ದದ್ದನ್ನೂ ಓದಿದ್ದಾಳೆ. ಆ ನಾಲ್ಕು ನಿನ್ನ ಕೈಬರಹ ಅಲ್ಲ, ನನ್ನದು ಅಂತ ಗುರುತು ಹಿಡಿದಿದ್ದಾಳೆ.

ದೇವರೇ.

ಯಾವಾಗ ಹೇಳಿದಳು ನಿನಗೆ? ಈಗ, ಕಾಯಿಲೆ ಬಿದ್ದ ಮೇಲಾ? ಅಲ್ಲ... ಮತ್ತೆ? ಆ ವರ್ಷವೇನಾ? ನೀನು ಹೋದ ವರ್ಷವೇ?

ಕಾಗದ ಬರೆದಿದ್ದಳು. ಹ್ಞೂಂ.

ಹಾಗಾದ್ರೆ ಮದುವೆ ದಿನವೂ ಗೊತ್ತಿತ್ತು. ದಿನಾ ಬೆಳಿಗ್ಗೆ ಎದುರಿಗೆ ಕೂತು ರೊಟ್ಟಿಗೆ ಬೆಣ್ಣೆ ಸವರಿ ಕೊಟ್ಟಳು, ಗೊತ್ತಿತ್ತು. ಒಂದು ಸಲ ಕೇಳಲಿಲ್ಲ. ನಾನಾಗಿ ಹೇಳ್ತೀನಿ ಅಂತ... ಕಾದಳಾ? ನಾನು ಹೋಗಿ ಓದಿ ಹೇಳಿದ್ದು ಏನು? ಅಜಾಗರೂಕ ಹುಡುಗಿ. ಅದನ್ನ ಕೇಳಿಸಿಕೊಂಡು ಹೋದಳು ನನ್ನ ನೆಸ್ಟಾ.

ಸ್ವಲ್ಪ ಇಲ್ಲೇ ಕೂತಿರು. ಹಾಗೇ ಇರು.

...ಒಂದು ಕೆಲಸ ಬಾಕಿ ಇದೆ. ಈ ಸ್ಲೇಟಿನ ಮೇಲೆ ಹಳೇ ಕಾಲದ ಹಾಗೆ ಏನಾದ್ರೂ ಬರೀರಿ ಅಂತ ಮಿಸೆಸ್ ಪ್ರಾಸರ್ ಮೂರು ವಾರದಿಂದ ಹೇಳ್ತಾ ಇದ್ದಾಳೆ. ನನ್ನ ಕೈ ಏಳಲಿಲ್ಲ. ಬಳಪ ತಗೋ, ನೀನೇ ಬರಿ. ಕೇಳೋ ಹಕ್ಕು ನನಗಿಲ್ಲ, ಗೊತ್ತು. ಬೇಡ ಅಂದ್ರೆ ಬೇಡ.

...

ಇ.

ಪಿ.

ಹನ್ನೊಂದು.

ಅದೇ ಅಕ್ಷರ. ಒಂದು ಚೂರೂ ಬದಲಾಗಿಲ್ಲ.

ಯಾರು? ಮಿಸೆಸ್ ಪ್ರಾಸರ್? ಎರಡಾಯ್ತಾ? ಅಲ್ಲೇ ನಿಲ್ಲಿ. ಫಲಕದ ಬಟ್ಟೆ ಮುಟ್ಟಬೇಡಿ, ಅದರ ಮಾತು ಎಲಿನೆಡ್ ಹೇಳ್ತಾಳೆ, ಇರಲೋ ಬೇಡವೋ ಅಂತ. ಶೂ ಬಿಚ್ಚಿ ಒಳಗೆ ಬನ್ನಿ. ಎಲ್ಲರನ್ನೂ ಕರೀರಿ, ಡೇರೆಯಲ್ಲಿರೋ ಎಲ್ಲರನ್ನೂ. ಆ ಬೋರ್ಡಲ್ಲಿ ಗಂಟೆ ತಪ್ಪಾಗಿದೆ. ಹೌದು, ಗಂಟೆ. ತಪ್ಪು ಬರೆದೋನು ನಾನೇ.