ಬೆನ್ನ ಮೇಲಿನ ಸೊನ್ನೆ

ಇದು ನಮ್ಮ ಪಕ್ಕದ ಮನೆ ಅಕ್ಕನಿಗೇ ಆದದ್ದು. ನಂಬುವುದು, ಬಿಡುವುದು ನಿಮಗೆ ಸೇರಿದ್ದು. ದೀಪ ಮಾತ್ರ ಆರಿಸಬೇಡಿ.

ಅಕ್ಕ ಇಂಜಿನಿಯರು, ಗಂಡ ಮೇಸ್ತ್ರಿ. ಪಾಳುಬಿದ್ದ ನೂಲಿನ ಗಿರಣಿಯೊಂದನ್ನು ಶಾಲೆ ಮಾಡುವ ಕೆಲಸ ಇಬ್ಬರಿಗೂ ಸಿಕ್ಕಿತ್ತು. ಅವಳು ಒಂದೊಂದೇ ಗೋಡೆಯನ್ನು ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಿದ್ದಳು. ಗಟ್ಟಿಯಿದ್ದರೆ ಟಕ್. ಪೊಳ್ಳಿದ್ದರೆ ಡಬ್. ಉಳಿಸುವ ಗೋಡೆಗೆ ಸೀಮೆಸುಣ್ಣದ ಸೊನ್ನೆ, ಕೆಡವುವುದಕ್ಕೆ ಅಡ್ಡಗೀಟು. ಮನೆಯಲ್ಲಿ ಉಪ್ಪು ಕಡಿಮೆಯಾದರೂ ಜಗಳಕ್ಕೆ ಬರುತ್ತಿದ್ದ ಗಂಡ, ಅವಳ ಸೊನ್ನೆಗೆ ಮಾತ್ರ ಎದುರಾಡುತ್ತಿರಲಿಲ್ಲ.

ಒಂದು ದಿನ ಊಟದ ಹೊತ್ತು ಮೀರಿತೆಂದು, ಒಂದು ಗೋಡೆಗೆ ಮಾತ್ರ ಬಡಿದು ನೋಡದೆಯೇ ಸೊನ್ನೆ ಹಾಕಿಬಿಟ್ಟಳು. ಅವನು ಅದನ್ನು ನಂಬಿ ಅದರ ಬುಡದಲ್ಲಿ ಕೆಲಸಕ್ಕೆ ನಿಂತ. ಗೋಡೆ ಬಿತ್ತು... ಅವನು ಏಳಲಿಲ್ಲ.

ಮೂರು ತಿಂಗಳು ಅವಳು ಸೀಮೆಸುಣ್ಣ ಮುಟ್ಟಲಿಲ್ಲ. ಕೊನೆಗೊಂದು ಸಂಜೆ, ಕೆಲಸವೇ ಬೇಡವೆಂದು ತನ್ನ ಸಾಮಾನು ತರಲು ಗಿರಣಿಗೆ ಹೋದಳು. ಹೊರಡುವಾಗ ಕತ್ತಲು. ಗಿರಣಿಯಂಗಳದ ಬಾವಿ ದಾಟುತ್ತಿದ್ದಳು...

ಟಕ್. ಟಕ್. ಟಕ್.

ಗೋಡೆಗೆ ಗೆಣ್ಣು ಬಡಿಯುವ ಸದ್ದು. ಒಳಗಿನಿಂದ. ಒಳಗೆ ನರಪಿಳ್ಳೆಯೂ ಇರಲಿಲ್ಲ.

ಅವಳ ಕಾಲುಗಳು ತಾವಾಗೇ ಒಳಗೆ ನಡೆದವು. ಸದ್ದು ಮುಂದೆ ಮುಂದೆ ಸರಿಯಿತು, ಅವಳು ಸೊನ್ನೆ ಹಾಕಿದ್ದ ಗೋಡೆಗಳನ್ನೇ ಬಡಿಯುತ್ತ. ಟಕ್... ಟಕ್... ಬಿದ್ದ ಗೋಡೆಯ ಮೋಟಿನ ಹತ್ತಿರ ನಿಂತುಹೋಯಿತು. ಅವಳ ಸೊನ್ನೆ ಅಲ್ಲಿ ಅರ್ಧ ಉಳಿದಿತ್ತು.

"ರೀ... ನೀವಾ?" ಪಿಸುಗುಟ್ಟಿದಳು.

ಆ ಅರ್ಧ ಸೊನ್ನೆಯ ಮೇಲೆ ಕೈಯಿಟ್ಟಳು.

"ನಾನು ಬಡಿದು ನೋಡ್ಲಿಲ್ಲ ರೀ... ನಿಮ್ಮನ್ನ ನಾನೇ ಕೊಂದೆ. ಇನ್ನು ನನ್ನ ಕೈಲಾಗಲ್ಲ. ನಾನೂ ಪೊಳ್ಳಾಗಿದೀನಿ. ನನ್ನನ್ನೂ ಕೆಡವಿಬಿಡಿ."

ಆಗ ಬೆನ್ನಿಗೆ ಏನೋ ತಾಗಿತು. ತಣ್ಣಗೆ. ಒಮ್ಮೆ... ಎರಡು ಸಲ... ಮೂರು ಸಲ. ಆಮೇಲೆ ಸೀಮೆಸುಣ್ಣ ಎಳೆದ ಸದ್ದು. ಸರ್ರ್...

ತಿರುಗಿದಳು. ಯಾರೂ ಇಲ್ಲ. "ಒಂದ್ ಮಾತಾದ್ರೂ ಆಡಿ" ಅಂತ ಬಹಳ ಹೊತ್ತು ಅತ್ತಳಂತೆ.

ಅಲ್ಲಿಂದ ನೇರ ನಮ್ಮ ಮನೆಗೇ ಬಂದಳು. ದೀಪ ಹಿಡಿದವಳು ನಾನು. ಅವಳ ಕರಿ ಅಂಗಿಯ ಬೆನ್ನ ನಟ್ಟನಡುವೆ, ಅವಳ ಕೈಗೇ ಎಟುಕದ ಜಾಗದಲ್ಲಿ, ಸೀಮೆಸುಣ್ಣದ ಒಂದು ಸೊನ್ನೆ.

ಮಾರನೆಯ ದಿನ ಅವಳು ಕೆಲಸಕ್ಕೆ ಹೋದಳು. ಸುಳ್ಳು ಹೇಳಿ ನನಗೇನಾಗಬೇಕು? ಆ ಅಂಗಿಯನ್ನು ಅವಳು ಇವತ್ತಿಗೂ ಒಗೆದಿಲ್ಲ. ಬೆಳಗಾಗಲಿ, ತೋರಿಸುತ್ತೇನೆ.