ಡೆರಿಕ್‌ನ ಸಾಲು

...ಅಲ್ಲ ಕಣೇ ಲೋರ್ನಾ, ಅಲ್ಲಲ್ಲ, ಈ ಕಡೆ ಬಾ. ಆ ಪೆಟ್ಟಿಗೆ ಮೇಲೆ ಕೂತ್ಕೋ, ನನ್ನೆದುರಿಗೆ. ಹಾಂ, ಹಾಗೆ. ಟೋಪಿ ಒಂಚೂರು ಮೇಲಕ್ಕೆ ಸರಿಸು. ಈ ವಯಸ್ಸಲ್ಲಿ ಮುಖಾನ ಯಾರಿಗೆ ಬಚ್ಚಿಡ್ತೀಯ ಮಾರಾಯ್ತಿ? ...ಬೈಯಿ, ಬೈಯಿ, ಬಾಯಿ ತುಂಬಾ ಬೈಯಿ. ಈ ದೋಣೀಲಿ ನೆಟ್ಟಗೆ ಮಾತಾಡೋಳು ಅಂದ್ರೆ ನೀನೊಬ್ಳೇ. ಆ ಕ್ಲೈವ್‌ನ ನೋಡು, ಮೂತಿ ಮೇಲೆ ಬೇಲಿ ಬೆಳೆಸ್ಕೊಂಡಿದಾನೆ. ಗಡ್ಡ ಅಂತೆ ಗಡ್ಡ! ಅವನು ಅಂದಿದ್ದು ಬೇಲಿ ದಾಟಿ ಆಚೆ ಬರೋದೇ ಇಲ್ಲ.

ಚಾ ಕುಡಿ, ಆಮೇಲೆ ಹೇಳು. ಲೋಟ ಬಾಯಿಗಿಟ್ಕೊಂಡು ಗೊಣಗಿದ್ರೆ ನಂಗೇನು ತಿಳಿಯತ್ತೆ? ಕಾಲ ಕೆಳಗೆ ಈ ಇಂಜಿನ್ ಬೇರೆ, ಬೆಳಗಿಂದ ಕುಟ್ತಾನೇ ಇದೆ.

ಏನಂದೆ? ...ಇವತ್ತು ಸಂಜೆ? ಓ, ಮತ್ತೆ ಅದೇ ಮಾತು! ಪ್ಯಾಮ್ ಕಳಿಸಿದ್ಲಾ ನಿನ್ನ? ಅವಳೂ ಕ್ಲೈವೂ, ಗಂಡ ಹೆಂಡ್ತಿ ಇಬ್ರೂ ಮುಂದುಗಡೆ ಕೂತು ಪಿತೂರಿ ಮಾಡಿ, ನಿನ್ನ ಕೈಗೆ ಚಾ ಕೊಟ್ಟು ಹಿಂದಕ್ಕೆ ಅಟ್ಟಿದಾರೆ. ಗೊತ್ತಾಗತ್ತೆ ಕಣೇ ನಂಗೆ.

ಆಗಲ್ಲ ಲೋರ್ನಾ. ಹೇಳಿದ್ನಲ್ಲ, ಬೆರಳು ಜೋಮು ಹಿಡಿದಿದೆ. ತಂತಿ ಮುಟ್ಟಿದ್ರೆ ಮುಟ್ಟಿದ್ದೇ ತಿಳಿಯಲ್ಲ. ಪಬ್ಬಲ್ಲಿ ವರ್ಷಾ ವರ್ಷಾ ಬರೋ ಅದೇ ಜನ, ಬಿಯರ್ ಹಿಡ್ಕೊಂಡು, 'ಲೆನ್, ಡೆರಿಕ್‌ನ ಹಾಡು ನುಡಿಸಪ್ಪಾ' ಅಂತಾರೆ. ನಾನು ಪಿಟೀಲು ಗಲ್ಲಕ್ಕಿಟ್ಕೊಂಡು... ಬೇಡ. ಸತ್ತವನ ಹೆಸರಲ್ಲಿ ಅಪಸ್ವರ ನುಡಿಸೋದಕ್ಕಿಂತ ಸುಮ್ನಿರೋದು ವಾಸಿ. ಪಿಟೀಲು ಪೆಟ್ಟಿಗೇಲೇ ಇರ್ಲಿ.

ಹಾಗೆ ನೋಡಬೇಡ.

...ನಾನು ನುಡಿಸಿದ್ರೆ ನೀನು ಹಾಡ್ತೀಯಾ? ಇದ್ಯಾವ ನ್ಯಾಯ! ಡೆರಿಕ್ ಹೋದಾಗಿಂದ ನೀನು ಒಂದು ಸಾಲು ಹಾಡಿಲ್ಲ. ಒಲೆ ಮುಂದೆ ನಿಂತಾಗ ಒಂದು ಗುನುಗು ಕೂಡ ಇಲ್ಲ ಅಂತ ಪ್ಯಾಮ್ ನನ್ನ ಹತ್ರ ಅತ್ಲು. ಈಗ ಆ ಭಾರ ತಂದು ನನ್ನ ತಲೆಗೆ ಕಟ್ತೀಯಲ್ಲ! ನಾನು ನುಡಿಸದೇ ಹೋದ್ರೆ ನಿನ್ನ ದನಿ ಪೂರ್ತಿ ನಿಂತ್ಹೋಗತ್ತೆ, ಅದಕ್ಕೆ ಈ ಲೆನ್ ಕಾರಣ. ...ಹಾಗನ್ಲಿಲ್ವಾ? ಅಂದ ಹಾಗೇ ಆಯ್ತು ಬಿಡು.

ನೀನು ಹಾಡೋದು ನಂಗೆ ಬೇಡ ಅಂದ್ಕೊಂಡ್ಯಾ? ಈ ಸಲ ದೋಣಿ ಹತ್ತಿದ್ದೇ ಅದಕ್ಕೆ, ಗೊತ್ತಾ? ಈ ವಾರದಲ್ಲಿ ಎಲ್ಲಾದ್ರೂ ಒಂದು ಕಡೆ, ಕಾಲುವೆಯ ಯಾವುದಾದ್ರೂ ಲಾಕ್ ಗೇಟಿನ ಹತ್ರ ನೀರು ಏರಿ ದೋಣಿ ಮೇಲೇಳೋದು ಕಾಯ್ತಾ ನಿಂತಾಗ, ನೀನು ಬಾಯಿ ಬಿಡ್ತೀಯ ಅಂತ. ಆದ್ರೆ ಪಿಟೀಲು ಮಾತ್ರ ಕೇಳಬೇಡ.

ನಿಜ ಹೇಳ್ಲಾ? ನಂಗೆ ಏನೂ ಅನ್ನಿಸ್ತಾನೇ ಇಲ್ಲ. ಏನೂ. ನಿನ್ನ ಗಂಡ ಮಣ್ಣಿಗೆ ಹೋದ ದಿನ ಚರ್ಚಲ್ಲಿ ಎಲ್ರೂ ಎದ್ದು ನಿಂತು ಹಾಡಿದ್ರಲ್ಲ, ನಾನೂ ನಿಂತಿದ್ದೆ. ಬಾಯಿಗಳು ತೆರ್ಕೊಳ್ತಿದ್ವು, ಮುಚ್ಕೊಳ್ತಿದ್ವು. ಕ್ಲೈವ್ ಕಣ್ಣಲ್ಲಿ ಬಳಬಳ ನೀರು. ನನಗೆ ಒಂದು ಹನಿ ಬರಲಿಲ್ಲ. ಹುಡುಗರಾಗಿದ್ದಾಗಿನ ಗೆಳೆಯ, ಈ ಚುಕ್ಕಾಣಿ ಹಿಡಿಯೋದು ಕಲಿಸಿದವನು... ಕೊರಡಿನ ಹಾಗೆ ನಿಂತಿದ್ದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು. ಅವತ್ತಿಂದ ಹಾಗೇ ಇದೀನಿ. ಊಟ ಸೇರತ್ತಾ ಅಂದ್ರೆ, ಗಂಟಲಲ್ಲಿ ಇಳಿಯತ್ತೆ. ನಿದ್ದೆ ಬರತ್ತಾ ಅಂದ್ರೆ, ಕಣ್ಣು ಮುಚ್ಚತ್ತೆ. ಅಷ್ಟೆ.

ಪ್ಯಾಮ್ ಯಾಕೆ ಕೈ ಬೀಸ್ತಿದಾಳೆ? ...ಆಗಿಂದ ಕೂಗ್ತಿದಾಳಾ? ಏನು, ಜಾಣಕಿವುಡಂತಾ? ನಂಗಾ? ಆಹಾ! ಅರವತ್ತಡಿ ದೋಣೀಲಿ ಆ ತುದೀಗೆ ನಿಂತು ಪಿಸುಗುಟ್ಟಿದ್ರೆ ನಡುವಿನ ಬಾತುಕೋಳಿಗೂ ಕೇಳಿಸಲ್ಲ, ಹೇಳು ಅವಳಿಗೆ. ...ಓ, ಸುರಂಗ ಬಂತು ಅಂತಾ? ಕಾಣ್ತಿದೆ ಬಿಡು, ಕಣ್ಣು ಚೆನ್ನಾಗೇ ಇದೆ.

ಬ್ಲಿಸ್‌ವರ್ಥ್ ಸುರಂಗ. ಡೆರಿಕ್‌ನ ಜಾಗ ಕಣೇ ಇದು. ಮುಂದಿಂದ ನೀವೆಲ್ಲ 'ಬೆಳಕು ಕಂಡಿತೇ ದೋಣಿಯಣ್ಣಾ' ಅಂತ ಹಾಡೋದು, ಹಿಂದಿಂದ ಅವನು 'ಕಂಡಿತು ಕಂಡಿತು, ಸಾಗಲಿ ದೋಣಿ' ಅಂತ ಎಳೆಯೋದು. ಇಟ್ಟಿಗೆಯೆಲ್ಲ ಗುಂಯ್ ಅಂತಿತ್ತು. ಈಗ ಚುಕ್ಕಾಣಿ ನನ್ನ ಕೈಗೆ ಬಂತು, ಆ ಸಾಲು ಬರಲಿಲ್ಲ. ಈ ವರ್ಷ ಅವರೂ ಹಾಡಲ್ಲ ಅನ್ಸತ್ತೆ.

ಎದ್ದು ಈಚೆ ಬಾ, ನನ್ನ ಪಕ್ಕಕ್ಕೆ. ಕೋಟು ಹಾಕ್ಕೋ, ಸುರಂಗದ ಮಾಳಿಗೇಲಿರೋ ಗಾಳಿಗಂಡಿಯಿಂದ ನೀರು ಸುರಿಯತ್ತೆ. ಒಳಗೆ ನಾನೇ ಮಾತಾಡ್ತೀನಿ, ನೀನು ಸುಮ್ನಿರು. ಕತ್ತಲಲ್ಲಿ ಚುಕ್ಕಾಣಿ ಹಿಡಿದವನನ್ನ ಮಾತಾಡಿಸಬಾರದು, ದೋಣಿ ಗೋಡೆಗೆ ಬಡಿಯತ್ತೆ. ...ಹೌದಮ್ಮಾ, ಹೊಸ ಕಾನೂನು!

ಉಸ್ಸಪ್ಪಾ. ಏನು ಕತ್ತಲು. ಅಲ್ಲಿ ಮುಂದೆ ದೀಪ ಇದೆ, ಇಲ್ಲಿ ನನ್ನ ಕೈ ನಂಗೇ ಕಾಣ್ತಿಲ್ಲ. ಲೋರ್ನಾ? ಇದೀಯ ತಾನೆ? ಹಾಂ, ಭುಜ ತಗುಲ್ತು.

ನೆನಪಿದೆಯಾ, ಒಂದು ಸಲ ಡೆರಿಕ್ ಇಲ್ಲೇ ನಡುವೆ ಇಂಜಿನ್ ನಿಲ್ಸಿ ದೆವ್ವದ ಕತೆ ಶುರು ಮಾಡಿದ್ದು? ಕತೆ ಮುಗೀತು, ಇಂಜಿನ್ ಮಾತ್ರ ಮತ್ತೆ ಏಳಲೇ ಇಲ್ಲ! ದೆವ್ವಾನೂ ಬಂದು ತಳ್ಳಲಿಲ್ಲ. ದೋಣಿ ಮೇಲೆ ಮಲಗಿ ಸುರಂಗದ ಗೋಡೆಗೆ ಕಾಲು ಕೊಟ್ಟು ತಳ್ಕೊಂಡು ತಳ್ಕೊಂಡು ಆಚೆ ಬಂದ್ವಿ. ಆಮೇಲೆ ಪ್ಯಾಮ್ ಬೇಕನ್ ಹುರಿದು ರೊಟ್ಟಿಗಿಟ್ಟು ಕೊಟ್ಲು. ಕರೀ ಇದ್ದಿಲು! ಅದನ್ನೇ ಬೆರಳು ನೆಕ್ಕೊಂಡು ತಿಂದ್ವಿ.

ನೋಡು, ಹೇಳಿದ್ನಲ್ಲ? ಯಾರೂ ಹಾಡ್ತಿಲ್ಲ. ಒಳ್ಳೇದಾಯ್ತು. ಕೇಳೋರು ಕೇಳಿ, ಹಿಂದಿಂದ ಉತ್ತರ ಬರದೇ ಹೋದ್ರೆ ಎಷ್ಟು ಕಷ್ಟ. ಸದ್ದಿಲ್ದೆ ದಾಟಿಬಿಡೋಣ.

ಯಾಕೆ ನಗ್ತಿದೀಯ? ಭುಜ ಕುಲುಕ್ತಿದೆಯಲ್ಲ! ಬೇಕನ್ ನೆನಪಾಯ್ತಾ? ನಗು, ನಗು... ಹಹ್ಹಹ್ಹಾ! ಅಂತೂ ನಗಿಸ್ದೆ ನಿನ್ನ. ಹಾಡದಿದ್ರೆ ಬೇಡ ಬಿಡು, ಇಷ್ಟು ಸಾಕು.

ಅಬ್ಬಬ್ಬಾ, ನೀರು! ಬೆನ್ನಿಗೇ ಇಳೀತು. ಗಾಳಿಗಂಡಿ ಅಂದ್ನಲ್ಲ, ಮೇಲಿಂದ ಒಂಚೂರು ಬೆಳಕೂ ಬಿತ್ತು. ನಿನ್ನ ಮುಖಾನೂ ಪೂರ್ತಿ ತೊಯ್ದು ಹೋಯ್ತಲ್ಲೇ. ಬಾಯಿ ಅಷ್ಟಗಲ ತೆಗೀಬೇಡ, ಕೊಳಕು ನೀರು! ...ಮತ್ತೆ ಕತ್ತಲು. ಯಾಕೆ ತೋಳು ಹಿಡ್ಕೊಂಡೆ? ಚುಕ್ಕಾಣಿ ಅಲ್ಲಾಡತ್ತೆ. ಹೂಂ. ಹೂಂ ಹೂಂ. ಆಗ್ಲಿ ಬಿಡು, ಅದಕ್ಕೇನಂತೆ.

ಅಗೋ, ಬೆಳಕು. ಬಂತು, ಬಂತು... ಬಂದ್ವಿ. ಕಣ್ಣು ಚುಚ್ಚತ್ತೆ. ಈಗ ಮಾತಾಡು ಲೋರ್ನಾ, ಎಷ್ಟು ಬೇಕಾದ್ರೂ ಮಾತಾಡು.

ಇದೇನಿದು? ಕ್ಲೈವ್ ಬ್ಯಾಂಜೋ ಎತ್ಕೊಂಡಿದಾನೆ. ಕೈ ಓಡ್ತಿದೆ. ಪ್ಯಾಮ್ ಈ ಕಡೆ ತಿರುಗಿ... ಬಾಯಿ... ಹಾಡ್ತಿದಾಳೆ. ಯಾವಾಗ ಶುರು ಮಾಡಿದ್ರು? ಈಗ ತಾನೇ ಅಲ್ವಾ? ಆಚೆ ಬಂದ್ಮೇಲೆ?

ಯಾಕೆ ಹೀಗೆ ನೋಡ್ತಿದೀಯ? ಗಾಳಿಗಂಡಿ ದಾಟಿ ಎಷ್ಟೊತ್ತಾಯ್ತು, ನಿನ್ನ ಕೆನ್ನೆ ಇನ್ನೂ... ನೀನು ನಗ್ತಿರಲಿಲ್ಲ.

ಒಳಗೂ ಹಾಡ್ತಿದ್ರಾ? ಉದ್ದಕ್ಕೂ? ...ನೀನೂ? ತೋಳು ಹಿಡ್ಕೊಂಡಾಗ? ಬರೀ ತಲೆ ಆಡಿಸ್ಬೇಡ, ಹೇಳು. ಡೆರಿಕ್‌ನ ಸಾಲು ನೀನು ಹಾಡಿದ್ಯಾ? ಇಲ್ಲಿ ನಿಂತು? ನನ್ನ ಕಿವಿ ಪಕ್ಕದಲ್ಲೇ?

ಲೋರ್ನಾ, ಕೇಳು.

ಜಾಣಕಿವುಡಲ್ಲ ಕಣೇ. ಬರೀ ಕಿವುಡು. ಹೋದ ವರ್ಷ ಆ ಜ್ವರ ಬಂತಲ್ಲ, ಅದಾದ್ಮೇಲೆ. ಮೊದಲು ಒಂದು ಕಿವಿ, ಆಮೇಲೆ ಇನ್ನೊಂದು. ಡಾಕ್ಟರು ಕೊಟ್ಟ ಮಿಷನ್ ಮನೇಲಿ ಬಿದ್ದಿದೆ. ಹಾಕ್ಕೊಂಡ್ರೆ ತಗಡು ಬಡಿದ ಹಾಗೆ ಸದ್ದು ಬರತ್ತೆ, ರಾಗ ಬರಲ್ಲ. ಬೆರಳಿಗೆ ಏನೂ ಆಗಿಲ್ಲ. ಹೇಗೆ ಹೇಳ್ಲಿ? ಕಿವಿ ಕೇಳದ ಪಿಟೀಲಿನವನನ್ನ ಯಾರು ದೋಣಿ ಹತ್ತಿಸ್ಕೊಳ್ತಾರೆ? ವರ್ಷಕ್ಕೊಂದು ವಾರ, ನಂಗಿರೋದು ಇದೊಂದೇ. ಇದೂ ಹೋಗ್ಬಿಡತ್ತೆ ಅಂತ ಭಯ ಆಯ್ತು.

ನೀನು ಹಾಡಿದೆ, ನಾನು ಕೊಳಕು ನೀರು ಅಂದೆ.

ಬೈಯಿ. ಏನಾದ್ರೂ ಅನ್ನು... ತುಟಿ ಅಲ್ಲಾಡ್ತಿಲ್ಲ. ಈಗ ನಿಜವಾಗ್ಲೂ ಸುಮ್ನಿದೀಯ, ಅಲ್ವಾ? ಇದೊಂದು ತಿಳಿಯತ್ತೆ ನಂಗೆ.

ಇನ್ನೊಂದು ಸಲ ಹಾಡು ಲೋರ್ನಾ. ನಿಧಾನವಾಗಿ. ಈ ಕಡೆ ತಿರುಗಿ. ನಾನು ನೋಡ್ತೀನಿ.