ಮಾತ್ರೆ ಕವರಿನ ಮೇಲೆ ಬರೆದ ವೇಳೆ

ಸೋಮವಾರ, ಸಂಜೆ 4.20, ಪೊಲೀಸ್ ಠಾಣೆ. ನನ್ನ ಹೆಸರು ದೂರಿನ ಮೊದಲ ಹಾಳೆಯಲ್ಲಿದೆ. ಆಸ್ಪತ್ರೆಯಲ್ಲಿ ಎಲ್ಲರೂ ದೊಡ್ಡಮ್ಮ ಎನ್ನುತ್ತಾರೆ. ವಯಸ್ಸು 48. ಕೆಲಸ, ಹೆಂಗಸರ ವಿಭಾಗದ ಏಳನೇ ಕೊಠಡಿಯಲ್ಲಿ ದಾಖಲೆ ಬರೆಯುವುದು. ವಾಸ, ಆಸ್ಪತ್ರೆಯ ಹಿಂದಿನ ನೌಕರರ ವಸತಿ. ಈ ಮೂಲಕ ನಾನು ತಿಳಿಸುವುದು ಇಷ್ಟು.

ಇಂದು ಬೆಳಿಗ್ಗೆ 8.50ಕ್ಕೆ ಕೊಠಡಿ ತೆರೆದೆನು. ಸೋಮವಾರ ಗರ್ಭಪಾತಕ್ಕೆ ಬರುವವರ ದಿನ. ಪುಸ್ತಕದಲ್ಲಿ ಒಬ್ಬೊಬ್ಬರ ಹೆಸರಿನ ಮುಂದೂ ಒಂದು ಸಾಲು: ವಯಸ್ಸು, ಓದು, ಕೆಲಸ, ಮಕ್ಕಳು, ಈವರೆಗೆ ಬಳಸಿದ ಗರ್ಭನಿರೋಧಕ, ಮುಂದೆ ಬೇಕಾದದ್ದು. ಇಂದು ಐವರು. ಕಾಲೇಜು ಹುಡುಗಿ, ಶಿಕ್ಷಕಿ, ಬಟ್ಟೆ ಕಾರ್ಖಾನೆಯ ಇಬ್ಬರು, ಅಡುಗೆ ಕೆಲಸದಾಕೆ. ನಾಲ್ವರ ಐದನೇ ಕಲಮಿನಲ್ಲಿ ‘ಏನೂ ಇಲ್ಲ’ ಎಂದು ಬರೆದೆನು. ಅಡುಗೆಯಾಕೆ, ನಮ್ಮೆಜಮಾನ್ರೇ ಜಾಗ್ರತೆ ಮಾಡ್ತಾರೆ ದೊಡ್ಡಮ್ಮ, ಅವರ ಜಾಗ್ರತೆ ಈಗ ಮೂರನೇ ಕ್ಲಾಸಲ್ಲಿ ಓದ್ತಿದೆ ಎಂದಳು. ಬೆಂಚಿನ ಮೇಲೆ ಕಾಯುತ್ತಿದ್ದವರೆಲ್ಲ ನಕ್ಕರು. ಮುಂದಕ್ಕೆ ವಂಕಿ, ಅಂದರೆ ಕಾಪರ್-ಟಿ, ಹಾಕಿಸಿಕೊಳ್ಳುವುದಾಗಿ ತಿಳಿಸಿದಳು.

12.10ಕ್ಕೆ ಸುಮಾರು ಮೂವತ್ತೈದರ ಒಬ್ಬ ಗಂಡಸು ಮಾತ್ರೆ ಕವರ್ ಹಿಡಿದು ಒಳಬಂದನು. ಅದರ ಮೇಲೆ ‘ಕೊಠಡಿ 7, ಮಂಗಳವಾರ, 10 ಗಂಟೆ’ ಎಂದಿತ್ತು. ಇದು ಹೆಂಡತಿಯ ಚೀಲದಲ್ಲಿ ಸಿಕ್ಕಿತು, ಇಲ್ಲಿ ಏನು ಮಾಡಿಸಿಕೊಂಡಳು, ಪುಸ್ತಕ ತೋರಿಸು ಎಂದನು. ಆಗುವುದಿಲ್ಲ ಎಂದೆನು. ಗಂಡನ ಸಹಿ ಇಲ್ದೆ ಏನೇನು ಮಾಡ್ತೀರಾ ಎಂದು ಕೇಳಿದನು. ವಯಸ್ಸಿಗೆ ಬಂದವಳಿಗೆ ಅವಳ ಸಹಿಯೊಂದೇ ಸಾಕು ಎಂದೆನು. ಆತ ಕೈಚಾಚಿದಾಗ ಪುಸ್ತಕವನ್ನು ಕುರ್ಚಿಯ ಮೇಲಿಟ್ಟು ಅದರ ಮೇಲೆ ಕುಳಿತೆನು. ಏಳೇ ಮುದುಕಿ ಎಂದು ನನ್ನ ಎಡ ಮಣಿಕಟ್ಟು ತಿರುಚಿದನು. ಅಡುಗೆಯಾಕೆ, ಅಣ್ಣಾ, ಹೆರೋದು ನೀವಾದ್ರೆ ಹೇಳಿ, ಪುಸ್ತಕಾನೂ ನಿಮಗೇ ಕೊಡಿಸ್ತೀನಿ ಎಂದಳು. ಆತ ಬೀರುವಿನ ಗಾಜಿಗೆ ಒದ್ದನು. 12.25ಕ್ಕೆ ಕಾವಲುಗಾರ ಬಂದು ಹೊರಗೆ ಕರೆದೊಯ್ದನು. 12.40ಕ್ಕೆ ಡಾಕ್ಟರಮ್ಮ ಬರುವವರೆಗೂ ನಾನು ಏಳಲಿಲ್ಲ.

ಕವರಿನ ಬರಹ ನನ್ನದೇ. ಚೀಟಿ ಬೇಡ, ಮನೆಯಲ್ಲಿ ನೋಡ್ತಾರೆ ಎನ್ನುವವರಿಗೆ ನಾನು ಚೀಟಿ ಕೊಡುವುದಿಲ್ಲ. ಆದರೆ ಮಾತ್ರೆ ಕೊಡುವಾಗ ಕವರಿನ ಮೇಲೆ ಮುಂದಿನ ವೇಳೆ ಬರೆಯುವುದು ಹತ್ತೊಂಬತ್ತು ವರ್ಷದ ಕೈರೂಢಿ. ಬರೆದುಬಿಟ್ಟಿದ್ದೇನೆ. ತಪ್ಪು ನನ್ನದು. ರಕ್ತ ಕಡಿಮೆ ಇದ್ದವರಿಗೂ ನಮ್ಮ ಕೊಠಡಿಯಿಂದ ಅದೇ ಕವರ್ ಹೋಗುತ್ತದೆ; ಕವರ್ ನೋಡಿ ಯಾರು ಯಾತಕ್ಕೆ ಬಂದರೆಂದು ಹೇಳಲಾಗದು.

ಆತನ ಹೆಂಡತಿಯ ಹೆಸರು ಪುಸ್ತಕದಲ್ಲಿದೆಯೇ ಎಂದು ತಾವು ಕೇಳಿದಿರಿ. ಹೇಳಿದರೆ ಕೇಸು ಗಟ್ಟಿಯಾಗುತ್ತದೆ, ಇಲ್ಲವಾದರೆ ಉಳಿಯುವುದು ಗಾಜು ಮತ್ತು ಮಣಿಕಟ್ಟು ಎಂದಿರಿ. ಈ ಹೇಳಿಕೆಯ ಪ್ರತಿ ಆತನಿಗೂ ಸಿಗುತ್ತದೆ ಎಂದೂ ತಿಳಿಸಿದಿರಿ. ಗಾಜು ಮತ್ತು ಮಣಿಕಟ್ಟನ್ನೇ ಬರೆದುಕೊಳ್ಳಬೇಕಾಗಿ ಕೋರುತ್ತೇನೆ.

ಪುಸ್ತಕವನ್ನು ಅಷ್ಟೊಂದು ಕಾದದ್ದೇಕೆ ಎಂದು ಕೇಳಿದಿರಿ. ನನ್ನ ತಂಗಿ, ವಯಸ್ಸು 34, ಹತ್ತನೇ ತರಗತಿ, ಹೊಲಿಗೆ ಕೆಲಸ, ಮಕ್ಕಳು ಇಬ್ಬರು. ನಾಲ್ಕು ವರ್ಷದ ಹಿಂದೆ, ನಿನ್ನ ಪುಸ್ತಕದಲ್ಲಿ ಬರೀತೀಯಲ್ಲಕ್ಕಾ, ಯಾರಾದ್ರೂ ನೋಡಿಬಿಟ್ರೆ ಎಂದಿದ್ದಳು. ನಮ್ಮಲ್ಲಿಗೆ ಬರಲಿಲ್ಲ, ಬೇರೆ ಕಡೆ ಹೋಗಿ ತೆಗೆಸಿಕೊಂಡಳು. ಐದನೇ ದಿನ ತೀರಿಕೊಂಡಳು. ಅವಳ ಸಾಲು ಯಾವ ಪುಸ್ತಕದಲ್ಲೂ ಇಲ್ಲ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಹೇಳಿದ್ದು ನಿಜ. ಕೊನೆಗೆ ಒಂದು ಮಾತು ಸೇರಿಸಿ ಸಹಿ ಮಾಡಿದ್ದೇನೆ: ನಾಳೆ ಒಬ್ಬ ಮಹಿಳಾ ಪೇದೆಯನ್ನು ನಮ್ಮ ಬೆಂಚಿಗೆ ಕಳುಹಿಸಬೇಕು. ನಾಳೆ ಮಂಗಳವಾರ. ಹತ್ತು ಗಂಟೆ ಎಂಬುದು ಆತನಿಗೂ ಗೊತ್ತು.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 14, ಸೋಮವಾರ, ಸಂಜೆ 5.35
(ಸಹಿ)